‘ಸುಮಿಮಾಸೆನ್’ ಮತ್ತು ‘ಏ ಛೋಟು’

ಕಳೆದ ತಿಂಗಳು ನಾನು ಮೊದಲ ಸಲ ಜಪಾನೀ ಹೋಟೆಲಿಗೆ ಹೋಗಿದ್ದೆ. ಅದಾದ ಮೂರನೇ ದಿನ ಸಂಜೆ ನಮ್ಮ ಕಾಟನ್‌ಪೇಟೆಯ ಒಂದು ಚಿಕ್ಕ ಹೋಟೆಲಿಗೆ ಚಾ ಕುಡಿಯಲು ಹೋದೆ. ಮೊದಲನೆಯ ದಿನ ನಾನು ಬಹಳ ಸಭ್ಯನಾಗಿದ್ದೆ. ಎರಡನೆಯ ದಿನ ನಾನು ಹೇಗಿದ್ದೆ ಎಂಬುದನ್ನು ಬರೆಯಲು ಇಷ್ಟು ದಿನ ಧೈರ್ಯ ಬಂದಿರಲಿಲ್ಲ. ‘ಏನಾದರೂ ಬರಿ, ಆದರೆ ಪ್ರಬಂಧದ ಪುಸ್ತಕ ನೋಡಿ ಇಳಿಸಬೇಡ’ ಎಂದು ಕನ್ನಡ ಮೇಡಂ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಜಪಾನೀ ಹೋಟೆಲಿಗೆ ಕರೆದುಕೊಂಡು ಹೋದವರು ನನ್ನ ಖಾಲಾನ ಮಗ. ನಾವೆಲ್ಲ ಅವರನ್ನು ಭಾಯಿಜಾನ್ ಎನ್ನುತ್ತೇವೆ. ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಟೊಯೋಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಶುರುವಾಗಿ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿದ ಮೇಲೆ ಆ ಕಡೆಗೆ ಜಪಾನಿನವರು ಬಂದು ಹೋಗುವುದು ಹೆಚ್ಚಾಯಿತು. ಅವರು ಬಂದರೆ ಅವರ ಊಟವೂ ಬರಬೇಕಲ್ಲ. ಈಗ ಬೆಂಗಳೂರಿನಲ್ಲಿ ಸುಶಿ, ರಾಮೆನ್ ಸಿಗುವ ಜಾಗಗಳು ಹಲವಾರಿವೆ. ಭಾಯಿಜಾನ್‌ಗೆ ಬಡ್ತಿ ಸಿಕ್ಕಿತ್ತು, ಆ ಖುಷಿಗೆ ದಾವತ್. ಆದರೆ ಒಂದು ಷರತ್ತು ಹಾಕಿದರು: ‘ಅಲ್ಲಿ ನನ್ನ ಆಫೀಸಿನವರೂ ಬರುತ್ತಾರೆ, ಮರ್ಯಾದೆ ಕಳೆಯಬೇಡ. ಒಂದು ವಾರ ಟೈಮ್ ಇದೆ, ಕಲಿತುಕೋ.’

ಕಲಿತೆ. ಎರಡು ಪೆನ್ಸಿಲ್ ಹಿಡಿದು ನೆನೆಸಿದ ಕಡಲೆಕಾಳು ಎತ್ತುವುದನ್ನು ಅಭ್ಯಾಸ ಮಾಡಿದೆ. ಅಮ್ಮಿ ನೋಡಿ, ‘ಅಲ್ಲಾಹ್ ಐದು ಬೆರಳು ಕೊಟ್ಟಿದ್ದಾನೆ, ಇವನಿಗೆ ಎರಡು ಕಡ್ಡಿ ಬೇಕಂತೆ’ ಎಂದು ನಕ್ಕರು. ಅಕೌಂಟೆನ್ಸಿಯ ಟೆಸ್ಟಿಗೂ ನಾನು ಇಷ್ಟು ಓದಿರಲಿಲ್ಲ ಎಂದು ಅಪ್ಪಾ ಸೇರಿಸಿದರು. ಅದು ನಿಜ.

ಓದುತ್ತಾ ಹೋದಂತೆ ಒಂದು ಗೊತ್ತಾಯಿತು. ನಮಗೆ ತಪ್ಪು ಅನಿಸುವುದು ಅಲ್ಲಿ ಸರಿ, ಅಲ್ಲಿ ಘೋರ ತಪ್ಪಾದದ್ದು ನಮಗೆ ಏನೂ ಅಲ್ಲ. ಅನ್ನದ ಬಟ್ಟಲನ್ನು, ಮಿಸೊ ಸೂಪಿನ ಬಟ್ಟಲನ್ನು ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದು ತಿನ್ನಬೇಕು. ಬಟ್ಟಲು ಕೆಳಗಿಟ್ಟು ತಲೆ ಬಗ್ಗಿಸಿ ತಿನ್ನುವುದೇ ಅಸಭ್ಯ. ನಮ್ಮ ಮನೆಯಲ್ಲಿ ತಟ್ಟೆ ಎತ್ತಿ ಬಾಯಿಗೆ ಹಿಡಿದರೆ ದಾದಿ ಕೈಗೆ ಒಂದು ಕೊಡುತ್ತಾರೆ. ನೂಡಲ್ಸನ್ನು ಅಲ್ಲಿ ಸೊರ್ ಎಂದು ಸದ್ದು ಮಾಡಿ ಎಳೆಯಬಹುದು, ಯಾರೂ ತಿರುಗಿ ನೋಡುವುದಿಲ್ಲ. ಕೂತ ತಕ್ಷಣ ‘ಒಶಿಬೊರಿ’ ಎಂಬ ಒದ್ದೆ ಟವೆಲ್ ಕೊಡುತ್ತಾರೆ, ಅದು ಕೈ ಒರೆಸಿಕೊಳ್ಳಲು ಮಾತ್ರ, ಮುಖ ಒರೆಸಿಕೊಳ್ಳಬಾರದು. (ಬಿಸಿಲಿನಲ್ಲಿ ಬಂದವರಿಗೆ ಇದು ಕಷ್ಟದ ನಿಯಮ.) ಸುಶಿಯನ್ನು ಕಡ್ಡಿಯಲ್ಲೇ ತಿನ್ನಬೇಕೆಂದಿಲ್ಲ, ಕೈಯಲ್ಲಿ ತಿಂದರೂ ಸರಿ. ಆದರೆ ಸೋಯಾ ಸಾಸಿನಲ್ಲಿ ಅದ್ದುವಾಗ ಅನ್ನದ ಕಡೆಯಲ್ಲ, ಮೀನಿನ ಕಡೆ ಅದ್ದಬೇಕು, ಇಲ್ಲದಿದ್ದರೆ ಅನ್ನ ಉದುರುತ್ತದೆ. ಅವರ ಊರಿನಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಮೇಜಿನ ಮೇಲೆ ದುಡ್ಡು ಬಿಟ್ಟರೆ ಮರೆತು ಹೋದಿರಿ ಎಂದು ಹಿಂದೆ ಓಡಿ ಬಂದು ಕೊಡುತ್ತಾರಂತೆ.

ಕಡ್ಡಿಯ ಬಗ್ಗೆ ಎರಡು ನಿಯಮಗಳು ಮಾತ್ರ ಮೀರುವಂತಿಲ್ಲ. ಅನ್ನದ ಬಟ್ಟಲಿನಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರ ಮುಂದೆ ಇಡುವ ಅನ್ನಕ್ಕೆ ಹಾಗೆ ಕಡ್ಡಿ ನಿಲ್ಲಿಸುತ್ತಾರೆ. ಇನ್ನೊಂದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ನೇರವಾಗಿ ತುಂಡು ದಾಟಿಸಬಾರದು. ಹೆಣ ಸುಟ್ಟ ಮೇಲೆ ಮನೆಯವರು ಮೂಳೆಗಳನ್ನು ಕಡ್ಡಿಗಳಿಂದ ಹಾಗೆ ಎತ್ತಿ ಪಾತ್ರೆಗೆ ಹಾಕುತ್ತಾರೆ. ಈ ಕಾರಣ ಓದಿದ ಮೇಲೆ ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯವೇ ಬರಲಿಲ್ಲ. ಊಟಕ್ಕೆ ಕೂತವರ ಎದುರು ಯಾರಾದರೂ ಕಫನ್ ಬಟ್ಟೆ ಹರಡಿದರೆ ನಮಗೆ ಹೇಗಾಗುತ್ತದೋ ಅವರಿಗೂ ಹಾಗೇ.

ಊಟಕ್ಕೆ ಮುಂಚೆ ‘ಇತಾದಾಕಿಮಾಸು’ ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅರ್ಥ. ಮುಗಿದ ಮೇಲೆ ‘ಗೊಚಿಸೊಸಾಮಾ’. ಈ ಪದದೊಳಗೆ ಓಡಾಟ ಎಂಬ ಅರ್ಥ ಇದೆ. ಅತಿಥಿಗೆ ಊಟ ಹಾಕಲು ಯಾರೋ ಅಲ್ಲಿ ಇಲ್ಲಿ ಓಡಿ ಸಾಮಾನು ತಂದಿದ್ದಾರೆ, ಅವರ ಓಡಾಟಕ್ಕೆ ಧನ್ಯವಾದ ಎಂದು. ನಮ್ಮಲ್ಲಿ ಬಿಸ್ಮಿಲ್ಲಾಹ್‌ನಿಂದ ಶುರು, ಅಲ್ಹಮ್ದುಲಿಲ್ಲಾಹ್‌ನಿಂದ ಮುಕ್ತಾಯ. ಅನ್ನ ಕೊಟ್ಟವನನ್ನು ನೆನೆಯುತ್ತೇವೆ. ಅಡುಗೆ ಮಾಡಿದವರಿಗೂ ಒಂದು ಮಾತು ಹೇಳಬೇಡಿ ಎಂದು ಯಾರೂ ನಮ್ಮನ್ನು ತಡೆದಿಲ್ಲ, ಆದರೂ ನಾವು ಹೇಳುವುದಿಲ್ಲ.

ಅಲ್ಲಿಗೆ ಹೋಗುವ ನಮ್ಮಂಥವರಿಗೆ ಇನ್ನೊಂದು ಪ್ರಶ್ನೆ ಇರುತ್ತದೆ. ರಾಮೆನ್ ಸಾರು ಎಷ್ಟೋ ಕಡೆ ಹಂದಿಯ ಮೂಳೆಯಿಂದ ಮಾಡಿದ್ದು. ‘ಮಿರಿನ್’ ಎಂಬ ಸಿಹಿ ಅಕ್ಕಿ ಮದ್ಯವನ್ನು ತೆರಿಯಾಕಿಯಂಥ ಸಾಸುಗಳಿಗೆ ಹಾಕುತ್ತಾರೆ. ಮೀನು ತಾನೇ ಎಂದು ನಂಬಿ ತಿನ್ನುವಂತಿಲ್ಲ. ಕೇಳಬೇಕು. ನನಗೆ ಕೇಳಲು ಸಂಕೋಚ, ಆಫೀಸಿನವರ ಮುಂದೆ ಹಳ್ಳಿಯವನಂತೆ ಕಾಣಬಾರದಲ್ಲ. ಭಾಯಿಜಾನ್ ಕೇಳಿದರು. ಬಡಿಸುತ್ತಿದ್ದ ಹುಡುಗಿ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ‘ಇದರಲ್ಲಿ ಇದೆ, ಇದರಲ್ಲಿ ಇಲ್ಲ, ಇದನ್ನು ಹಾಕದೆ ಮಾಡಿಕೊಡಬಹುದು’ ಎಂದು ಮೆನುವಿನ ಮೇಲೆ ಬೆರಳಿಟ್ಟು ತೋರಿಸಿದರು. ಯಾರೂ ನಗಲಿಲ್ಲ. ಕೇಳದೆ ತಂದು ಆಮೇಲೆ ತಟ್ಟೆ ಪಕ್ಕಕ್ಕೆ ತಳ್ಳುವುದೇ ಅಸಭ್ಯ, ಮೊದಲೇ ಕೇಳುವುದು ಅಸಭ್ಯವಲ್ಲ ಎಂದು ಅವತ್ತು ಕಲಿತೆ. (ಸೋಯಾ ಸಾಸ್ ಹುದುಗುವಾಗ ತಾನಾಗಿ ಹುಟ್ಟುವ ಸ್ವಲ್ಪ ಆಲ್ಕೋಹಾಲ್ ಬಗ್ಗೆ ನನ್ನನ್ನು ಕೇಳಬೇಡಿ, ತಿಳಿದ ಆಲಿಮರನ್ನು ಕೇಳಿ.)

ನಾನು ಕಲಿತ ಪದಗಳಲ್ಲಿ ಹೆಚ್ಚು ಇಷ್ಟವಾದದ್ದು ‘ಸುಮಿಮಾಸೆನ್’. ಕ್ಷಮಿಸಿ ಎಂದು ಅರ್ಥ. ಹೋಟೆಲಿನಲ್ಲಿ ಬಡಿಸುವವರನ್ನು ಕರೆಯಲು ಇದನ್ನೇ ಬಳಸುತ್ತಾರೆ. ನಿಮ್ಮ ಕೆಲಸದ ಮಧ್ಯೆ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ ಎಂದು ಹೇಳಿಯೇ ಇನ್ನೊಂದು ಲೋಟ ನೀರು ಕೇಳುವುದು. ನಾನು ಅಂದು ಮೂರು ಸಲ ‘ಸುಮಿಮಾಸೆನ್’ ಎಂದೆ. ಬಡಿಸುತ್ತಿದ್ದ ಹುಡುಗಿ ಮಣಿಪುರದವರು, ನಮ್ಮಷ್ಟೇ ಚೆನ್ನಾಗಿ ಹಿಂದಿ ಬರುತ್ತಿತ್ತು, ಆದರೂ ಬಿಡಲಿಲ್ಲ. ಭಾಯಿಜಾನ್ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು.

ಇನ್ನು ಮೂರನೇ ದಿನದ ಮಾತು.

ಟ್ಯೂಷನ್ ಮುಗಿಸಿ ನಾವು ನಾಲ್ವರು ಕಾಟನ್‌ಪೇಟೆ ಮುಖ್ಯರಸ್ತೆಯ ಒಳಗಿನ ಒಂದು ಓಣಿಯಲ್ಲಿ ಚಾಗೆ ಕೂತೆವು. ಆರು ಮೇಜಿನ ಹೋಟೆಲು. ಮಗ್ರಿಬ್ ನಮಾಜ್ ಬಿಟ್ಟ ಹೊತ್ತು, ಎಲ್ಲ ಮೇಜೂ ಭರ್ತಿ. ನಮ್ಮ ಚಾ ತಡವಾಯಿತು. ನಾನು ಸ್ಟೀಲ್ ಲೋಟದಿಂದ ಮೇಜು ಕುಟ್ಟಿ, ‘ಏ ಛೋಟು! ಚಾ ಎಲ್ಲೋ? ಸತ್ತೋದ್ಯಾ?’ ಎಂದು ಕೂಗಿದೆ. ಗೆಳೆಯರು ನಕ್ಕರು. ನಾನು ಕೂಗಿದ್ದೇ ಅವರು ನಗಲಿ ಎಂದು.

ಟ್ರೇ ಹಿಡಿದು ತಿರುಗಿದವನು ನಮ್ಮ ಕಾಲೇಜಿನ ಆರ್ಟ್ಸ್ ಸೆಕ್ಷನ್‌ನವನು. ಬೆಳಗಿನ ಪ್ರಾರ್ಥನೆಯಲ್ಲಿ ನನಗಿಂತ ಎರಡು ಸಾಲು ಹಿಂದೆ ನಿಲ್ಲುತ್ತಾನೆ. ಹೋಟೆಲು ಅವನ ಮಾಮುವಿನದು, ಸಂಜೆ ಅಲ್ಲಿ ಕೈಜೋಡಿಸುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಅವನೂ ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ನಾಲ್ಕು ಚಾ ಇಟ್ಟು, ಮೇಜು ಒರೆಸಿ, ಮುಂದಿನ ಮೇಜಿಗೆ ಹೋದ. ಆ ಚಾ ಹೇಗಿತ್ತು ಎಂದು ನನಗೆ ನೆನಪಿಲ್ಲ.

ಮಾರನೆಯ ದಿನ ಕಾಲೇಜಿನ ನಲ್ಲಿಯ ಹತ್ತಿರ ಸಿಕ್ಕ. ‘ನೀನು ಅಂತ ಗೊತ್ತಿರಲಿಲ್ಲ ಕಣೋ, ಮಾಫ್ ಮಾಡು’ ಎಂದೆ. ಅವನು ಬಾಟಲಿಗೆ ನೀರು ತುಂಬುತ್ತಲೇ, ‘ನಾನಲ್ಲದೆ ಬೇರೆಯವನಾಗಿದ್ದರೆ ಪರವಾಗಿರಲಿಲ್ವಾ?’ ಎಂದು ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಈ ಲೇಖನ ಬರೆಯುತ್ತೇನೆಂದು ಅವನಿಗೆ ಹೇಳಿದ್ದೇನೆ. ಬರಿ, ಹೆಸರು ಬೇಡ ಎಂದ.

ನಾನು ಬಳಸಿದ ಪದದ ಬಗ್ಗೆ ಸ್ವಲ್ಪ ಯೋಚಿಸಿದೆ. ನಮ್ಮ ಊರಿನಲ್ಲಿ ಬಡಿಸುವವರನ್ನು ಕರೆಯಲು ಎಷ್ಟು ಪದಗಳಿವೆ! ಉಡುಪಿ ಹೋಟೆಲುಗಳ ಜೊತೆ ‘ಮಾಣಿ’ ಬಂತು. ಕುಂದಾಪುರ, ಉಡುಪಿ ಕಡೆ ಮಾಣಿ ಎಂದರೆ ಹುಡುಗ ಅಷ್ಟೇ, ಮನೆಯ ಮಗನನ್ನೂ ಹಾಗೇ ಕರೆಯುತ್ತಾರೆ. ಅದು ಇಲ್ಲಿಗೆ ಬಂದು ಹೋಟೆಲ್ ಕೆಲಸದವನ ಹೆಸರಾಯಿತು. ಆಮೇಲೆ ‘ಸಪ್ಲೈಯರ್’, ‘ಕ್ಲೀನರ್’. ನಮ್ಮ ಗಲ್ಲಿಗಳಲ್ಲಿ ‘ಛೋಟು’. ಛೋಟು ಎಂದರೆ ಚಿಕ್ಕವನು. ಹೋಟೆಲುಗಳಲ್ಲಿ ನಿಜವಾಗಿಯೂ ಎಂಟು ಹತ್ತು ವರ್ಷದ ಮಕ್ಕಳು ಲೋಟ ತೊಳೆಯುತ್ತಿದ್ದ ಕಾಲದ ಪದ ಅದು. 14 ವರ್ಷದೊಳಗಿನವರನ್ನು ಹೋಟೆಲ್, ಧಾಬಾ, ಚಾ ಅಂಗಡಿಗಳಲ್ಲಿ ಕೆಲಸಕ್ಕೆ ಇಡಬಾರದು ಎಂಬ ಆದೇಶ 2006ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ನಾನು ಹುಟ್ಟುವುದಕ್ಕೂ ಮೊದಲು! ಮಗುವನ್ನು ಕೆಲಸಕ್ಕಿಡುವುದು ಅಪರಾಧವಾದರೂ ಆ ಮಗುವಿನ ಹೆಸರನ್ನು ನಾವು ಬಿಟ್ಟಿಲ್ಲ. ಈಗ ನಲವತ್ತು ವರ್ಷದವರನ್ನೂ ಛೋಟು ಎನ್ನುತ್ತೇವೆ. ಅವರ ಮಗ ನಮ್ಮ ಜೊತೆ ಓದುತ್ತಿರಬಹುದು.

ಹಾಗೆಂದು ‘ಸುಮಿಮಾಸೆನ್’ ಅನ್ನು ಕಾಟನ್‌ಪೇಟೆಗೆ ತರಬೇಕಾಗಿಲ್ಲ. ಇಲ್ಲಿ ‘ಅಣ್ಣಾ’ ಇದೆ, ‘ಭಾಯಿ’ ಇದೆ, ‘ಅಕ್ಕಾ’, ‘ಆಪಾ’ ಇದೆ. ‘ಅಣ್ಣಾ, ಎರಡು ಚಾ’ ಎನ್ನಲು ‘ಏ’ ಎನ್ನುವುದಕ್ಕಿಂತ ಹೆಚ್ಚು ಉಸಿರು ಬೇಕಿಲ್ಲ.

ಆಮೇಲೆ ನಾನು ಅವನ ಹೋಟೆಲಿಗೆ ಮತ್ತೆ ಹೋದೆ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿಕೊಂಡು. ನಿಮಗೆ ಹೆಚ್ಚು ಕಿರಿಕಿರಿ ಮಾಡುವುದು ಯಾವುದು ಎಂದು ಕೇಳಿದೆ. ಬೈಗುಳ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು, ‘ಚಾ ಲೋಟದೊಳಗೆ ಟಿಶ್ಯೂ ತುರುಕುವುದು’ ಎಂದ. ಉಳಿದ ಚಾದಲ್ಲಿ ಅದು ನೆನೆದು ತಳಕ್ಕೆ ಅಂಟಿಕೊಳ್ಳುತ್ತದೆ. ತೊಳೆಯುವವರು ಬೆರಳು ಹಾಕಿ ಕೆದಕಿ ತೆಗೆಯಬೇಕು. ಯಾರೋ ಬಾಯಿ ಒರೆಸಿದ್ದು, ಒಮ್ಮೊಮ್ಮೆ ಮೂಗು ಒರೆಸಿದ್ದು. ನಾನು ದಿನವೂ ಅದನ್ನೇ ಮಾಡುತ್ತಿದ್ದೆ, ಅದೂ ಸ್ವಚ್ಛತೆ ಎಂದು ಭಾವಿಸಿ. ಪಾಯಾ ತಿಂದು ಮೂಳೆಯನ್ನು ಮೇಜಿನ ಮೇಲೆಯೇ ಗುಡ್ಡೆ ಹಾಕುವುದು, ತಟ್ಟೆಯಲ್ಲಿ ಕೈ ತೊಳೆಯುವುದು, ಆರ್ಡರ್ ಕೇಳಲು ಬಂದವನನ್ನು ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಲೇ ಇರುವುದು, ಹೀಗೆ ಹೇಳುತ್ತಾ ಹೋದ. ಬೈಗುಳ ಅಭ್ಯಾಸ ಆಗಿಬಿಟ್ಟಿದೆ, ಟಿಶ್ಯೂ ಆಗಿಲ್ಲ ಎಂದ. ಅವನ ಮಾಮು ಗಲ್ಲಾದ ಹಿಂದಿನಿಂದ, ‘ಮುಂಜಾನೆ ಬಂದು ಮೊದಲ ಚಾ ಕುಡಿಯುವ ಹಮಾಲರು ಲೋಟ ತಾವೇ ತಂದು ಇಡುತ್ತಾರೆ. ಇಸ್ತ್ರಿ ಶರ್ಟಿನವರು ಇಡುವುದಿಲ್ಲ’ ಎಂದರು. ನಾನು ಅವತ್ತು ಕಾಲೇಜಿನ ಇಸ್ತ್ರಿ ಶರ್ಟಿನಲ್ಲೇ ಇದ್ದೆ.

ಇದನ್ನು ಗೆಳೆಯರಿಗೆ ಹೇಳಿದಾಗ ಒಬ್ಬ, ‘ನಾವು ದುಡ್ಡು ಕೊಡ್ತೀವಲ್ಲ, ಅದು ಅವರ ಕೆಲಸ’ ಎಂದ. ಜಪಾನೀ ಹೋಟೆಲಿನಲ್ಲಿ ನಾವು ಇದಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟೆವು, ಆದರೂ ಅಲ್ಲಿ ನಾನು ಕ್ಷಮಿಸಿ ಎಂದೇ ನೀರು ಕೇಳಿದೆ. ಹೆಚ್ಚು ದುಡ್ಡು ಕೊಟ್ಟ ಕಡೆ ಹೆಚ್ಚು ವಿನಯ, ಹದಿನೈದು ರೂಪಾಯಿ ಕೊಟ್ಟ ಕಡೆ ದರ್ಬಾರು. ಹಾಗಾದರೆ ನಾನು ಆ ದಿನ ತೋರಿಸಿದ್ದು ಸಭ್ಯತೆಯೇ ಅಲ್ಲ, ಎಸಿ ಮತ್ತು ದೀಪಗಳಿಗೆ ಹೆದರಿದ್ದು. ಇದನ್ನು ಒಪ್ಪಿಕೊಳ್ಳುವುದೇ ನನಗೆ ಕಷ್ಟವಾಯಿತು.

ಜಪಾನಿನವರೆಲ್ಲ ದೇವತೆಗಳು ಎಂದೂ ನಾನು ಹೇಳುತ್ತಿಲ್ಲ. ನಮ್ಮ ಅಂಗಡಿಗಳಲ್ಲಿ ‘ಗ್ರಾಹಕರೇ ದೇವರು’ ಎಂಬ ಬೋರ್ಡ್ ಇರುವಂತೆ ಅಲ್ಲಿಯೂ ಆ ಮಾತಿದೆ. ಅದನ್ನೇ ನಂಬಿ ಅಂಗಡಿ, ಹೋಟೆಲಿನ ಕೆಲಸದವರ ಮೇಲೆ ಕಿರುಚಾಡುವ ಗಿರಾಕಿಗಳ ಕಾಟ ಎಷ್ಟಾಯಿತೆಂದರೆ, ಅದಕ್ಕೆ ‘ಕಸುಹರಾ’ ಎಂಬ ಹೊಸ ಹೆಸರೇ ಹುಟ್ಟಿತು. ಅದನ್ನು ತಡೆಯಲು ಟೋಕಿಯೋ ಆಡಳಿತ ನಿಯಮವನ್ನೇ ಮಾಡಿತು, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇತಾದಾಕಿಮಾಸು ಎಂದು ಕೈಮುಗಿದು ಊಟ ಮಾಡುವವರಿಗೂ ಕಾನೂನು ಬೇಕಾಯಿತು.

ಅದಬ್ ನಮಗೆ ಹೊಸದಲ್ಲ. ಬಲಗೈಯಿಂದ ತಿನ್ನು, ನಿನ್ನ ಮುಂದೆ ಇರುವುದನ್ನು ತಿನ್ನು, ಊಟಕ್ಕೆ ಹೆಸರಿಡಬೇಡ ಎಂದು ಮದರಸಾದಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ. ಬುಖಾರಿಯಲ್ಲಿ ಇನ್ನೊಂದು ಹದೀಸ್ ಇದೆ. ಸೇವಕ ನಿಮಗೆ ಊಟ ತಂದಾಗ ಅವನನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತಾದರೂ ಕೊಡಿ, ಅಡುಗೆಯ ಬಿಸಿಯನ್ನೂ ಶ್ರಮವನ್ನೂ ಸಹಿಸಿದವನು ಅವನು ಎಂಬ ಅರ್ಥದ್ದು. ಮೊದಲನೆಯವು ನನಗೆ ಬಾಯಿಪಾಠ ಇದ್ದವು, ಇದು ಇರಲಿಲ್ಲ. ದೀನಿಯಾತ್ ಕ್ಲಾಸಿನ ಮೌಲಾನಾ ಅವರನ್ನು ಕೇಳಿದ ಮೇಲೆ ಅವರು ಹೇಳಿದರು. ನಮ್ಮ ಮನೆಯಲ್ಲಿ ದಾದಿಯ ಒಂದು ನಿಯಮ ಇದೆ: ಬಡಿಸಿದವರು ಕೂತು ತಿನ್ನಲು ಶುರು ಮಾಡುವವರೆಗೆ ದಸ್ತರ್‌ಖಾನಿನಿಂದ ಯಾರೂ ಏಳುವಂತಿಲ್ಲ. ನಿಯಮ ಇದೆ ಎಂದೆ, ಪಾಲಿಸುತ್ತೇವೆ ಎನ್ನಲಿಲ್ಲ. ಮೊಬೈಲ್ ಬಂದ ಮೇಲೆ ನಾನು, ಅಪ್ಪಾ, ತಮ್ಮ ತಿಂದು ಎದ್ದುಬಿಡುತ್ತೇವೆ. ಅಮ್ಮಿ ಮತ್ತು ಆಪಾ ಆರಿದ ಖುಷ್ಕಾ ಇಬ್ಬರೇ ಕೂತು ತಿನ್ನುತ್ತಾರೆ.

ಅಡುಗೆ ಮಾಡುವವರು ನಮ್ಮ ಕಣ್ಣಿಗೆ ಬಿದ್ದರೆ ನಡತೆ ಬದಲಾಗುತ್ತದೆ ಎಂದು ನನಗನಿಸುತ್ತದೆ. 1924ರಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದವರು. ಲಾಲ್‌ಬಾಗ್ ರಸ್ತೆಯ ಅವರ ಹೋಟೆಲಿನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡು ಊಟಕ್ಕೆ ಹೋಗುವ ಪದ್ಧತಿ ಇತ್ತು. ಸ್ವಚ್ಛತೆ ತೋರಿಸುವುದು ಉದ್ದೇಶ. ಆದರೆ ಒಲೆಯ ಮುಂದೆ ಬೆವರುವವರನ್ನು ನೋಡಿ ಬಂದು ಕೂತವನು ಐದು ನಿಮಿಷ ತಡವಾಯಿತೆಂದು ಮೇಜು ಕುಟ್ಟುವುದು ಸ್ವಲ್ಪ ಕಷ್ಟ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರಿನ ತುಂಬ ದರ್ಶಿನಿಗಳು ಬಂದವು. ನಾವೇ ಕೌಂಟರಿನಿಂದ ತಂದು, ನಿಂತು ತಿಂದು, ಹೊರಡುತ್ತೇವೆ. ಅಲ್ಲಿ ಬಡಿಸುವವರೇ ಇಲ್ಲ, ಆದ್ದರಿಂದ ಕೂಗಾಟವೂ ಕಡಿಮೆ. ಆದರೆ ತಟ್ಟೆ ಎತ್ತುವ ಹೆಂಗಸರ ಮುಖವನ್ನು ನಾವು ಯಾರಾದರೂ ನೋಡಿದ್ದೇವೆಯೇ? ನಾನು ನೋಡಿಲ್ಲ.

ಇನ್ನು ನಮ್ಮ ಕಾಲೇಜಿನ ವಿಷಯ. ಕ್ಯಾಂಟೀನಿನಲ್ಲಿ ಬ್ರೇಕ್ ಮುಗಿದ ಮೇಲೆ ಒಮ್ಮೆ ನಿಂತು ನೋಡಿ. ಸಮೋಸಾದ ಕಾಗದ, ಅರ್ಧ ಕುಡಿದ ಲೋಟ, ಅದರೊಳಗೆ ಟಿಶ್ಯೂ. ಎತ್ತುವವರು ಒಬ್ಬರೇ ಖಾಲಾ. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಾಲೇಜಿನ ಹಿರಿಯರು ಬಂದಾಗ ಮಾತ್ರ ನಾವು ತಟ್ಟೆ ಎತ್ತಿಟ್ಟು ಸಾಲಾಗಿ ನಿಲ್ಲುತ್ತೇವೆ.

ಜಪಾನಿನಿಂದ ನಾನು ಒಂದೇ ಒಂದನ್ನು ತರುವುದಾದರೆ ಕಡ್ಡಿಯನ್ನು ತರುವುದಿಲ್ಲ. ಅವರ ಶಾಲೆಯ ಊಟವನ್ನು ತರುತ್ತೇನೆ. 1889ರಲ್ಲಿ ಯಾಮಾಗಾತಾ ಪ್ರಾಂತದ ತ್ಸುರುಒಕಾ ಊರಿನ ಒಂದು ಶಾಲೆಯಲ್ಲಿ ಬಡ ಮಕ್ಕಳಿಗೆ ಊಟ ಕೊಡುವುದರಿಂದ ಅದು ಶುರುವಾಯಿತು. 1954ರಲ್ಲಿ ಅದಕ್ಕೆ ಕಾನೂನು ಬಂತು. ಅಲ್ಲಿ ಊಟ ಬಡಿಸುವವರು ಮಕ್ಕಳೇ. ಪಾಳಿಯ ಪ್ರಕಾರ ಕೆಲವರು ಬಿಳಿ ಅಂಗಿ, ಟೋಪಿ ಹಾಕಿಕೊಂಡು ಪಾತ್ರೆ ಹೊತ್ತು ತಂದು ಕ್ಲಾಸಿಗೆಲ್ಲ ಬಡಿಸುತ್ತಾರೆ. ಮುಗಿದ ಮೇಲೆ ತಟ್ಟೆಗಳನ್ನು ಜೋಡಿಸಿ ವಾಪಸ್ ಒಯ್ಯುತ್ತಾರೆ. ಡಾಕ್ಟರರ ಮಗನಿಗೂ ಪಾಳಿ ಬರುತ್ತದೆ, ಮೀನುಗಾರರ ಮಗಳಿಗೂ ಬರುತ್ತದೆ. ಒಂದು ಸಲ ನಲವತ್ತು ಜನಕ್ಕೆ ಸಾರು ಬಡಿಸಿ ನೋಡಿದವನಿಗೆ ಬಡಿಸುವುದು ಎಂಥ ಕೆಲಸ ಎಂದು ಭಾಷಣ ಮಾಡಿ ತಿಳಿಸಬೇಕಾಗಿಲ್ಲ.

ನಮ್ಮಲ್ಲಿ ದಿನವೂ ಊಟ ಇಲ್ಲ, ಆದ್ದರಿಂದ ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ದ್ವಿತೀಯ ಪಿಯುಸಿಯ ಬೀಳ್ಕೊಡುಗೆಯ ದಿನ ಬಿರಿಯಾನಿ, ದಾಲ್ಚಾ ಮಾಡಿಸುತ್ತೇವೆ. ಪ್ರತಿ ವರ್ಷ ಬಡಿಸಲು ಹೊರಗಿನಿಂದ ಹುಡುಗರನ್ನು ಕರೆಸುತ್ತೇವೆ. ಈ ವರ್ಷ ಬಡಿಸುವುದನ್ನೂ ಎತ್ತುವುದನ್ನೂ ನಾವೇ ಪಾಳಿಯಲ್ಲಿ ಮಾಡೋಣ ಎಂಬುದು ನನ್ನ ಸಲಹೆ. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲರೂ ಬೆರೆತು, ಆರ್ಟ್ಸ್‌ನವರೇ ಕೆಲಸ ಮಾಡುವಂತೆ ಅಲ್ಲ. ಅಧ್ಯಾಪಕರೂ ಕಚೇರಿ ಸಿಬ್ಬಂದಿಯೂ ಕ್ಯಾಂಟೀನ್ ಖಾಲಾ ಅವರೂ ಮೊದಲ ಪಂಕ್ತಿಯಲ್ಲಿ ಕೂರಲಿ. ಕ್ಯಾಂಟೀನಿನ ಬಾಗಿಲ ಬಳಿ ಲೋಟಕ್ಕೊಂದು, ಕಸಕ್ಕೊಂದು ಬಕೆಟ್ ಇಡಲು ಪ್ರಾಂಶುಪಾಲರಿಗೆ ಅರ್ಜಿಯನ್ನೂ ಬರೆದಿದ್ದೇನೆ.

ನಾನು ಬೈದ ಗೆಳೆಯನಿಗೆ ಇದನ್ನು ತೋರಿಸಿದೆ. ಓದಿ, ‘ದಾಲ್ಚಾ ಬಕೆಟ್ ಹೇಗೆ ಹಿಡಿಯಬೇಕು ಗೊತ್ತಾ ನಿಂಗೆ? ತುಂಬಿಸಿದರೆ ಮಣಿಕಟ್ಟು ಹೋಗುತ್ತೆ, ಅರ್ಧ ತುಂಬಿಸು’ ಎಂದ. ಹಿಂದಿನ ದಿನ ಅರ್ಧ ಗಂಟೆ ಎಲ್ಲರಿಗೂ ತೋರಿಸಿಕೊಡಲು ಒಪ್ಪಿದ್ದಾನೆ. ಪಾಳಿಗೆ ಹೆಸರು ಕೊಡುವ ಪಟ್ಟಿ ಕನ್ನಡ ವಿಭಾಗದ ಮೇಜಿನ ಮೇಲಿದೆ. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ಹೆಸರು ಬಂದಿವೆ. ಕನಿಷ್ಠ ಮೂವತ್ತು ಬೇಕು.